61, 104, 82, 84: ತಮ್ಮನ ಫೈಲಿನ ಈ ಅಂಕಗಳನ್ನು ಓದುವುದು ಹೇಗೆ?

ಕಿರುಹೊಳೆ, ನಾಪೋಕ್ಲು ಹತ್ತಿರ
ಅಕ್ಟೋಬರ್ 21, ರಾತ್ರಿ 10.40

ಎಲ್ಲರಿಗೂ ನಮಸ್ಕಾರ. ತುಂಬ ದಿನದಿಂದ ಇಲ್ಲಿ ಓದುತ್ತಿದ್ದೇನೆ. ಬರೆಯುತ್ತಿರುವುದು ಇದೇ ಮೊದಲು.

ತಮ್ಮನಿಗೆ 26 ವರ್ಷ. ಕಳೆದ ವರ್ಷ ಕಾಫಿ ಕುಯ್ಲಿನ ಹೊತ್ತಿಗೆ ಶುರುವಾಯಿತು. ಮೊದಲು ನಿದ್ದೆ ಹೋಯಿತು. ಆಮೇಲೆ ಪಕ್ಕದ ತೋಟದವರು ತನ್ನ ಫೋನ್ ಕದ್ದು ಕೇಳುತ್ತಾರೆ ಎಂದ. ಆಮೇಲೆ ಯಾರೂ ಇಲ್ಲದ ಕಡೆ ಬೈಗುಳ ಕೇಳಿಸತೊಡಗಿತು. ಸ್ಕಿಜೋಫ್ರೇನಿಯಾ ಎಂದರು.

ಫೆಬ್ರವರಿಯಲ್ಲಿ ಒಂದು ಆಸ್ಪತ್ರೆಗೆ ತೋರಿಸಿದೆವು. ಫೈಲಿನಲ್ಲಿ 'ಬಿಪಿಆರ್‌ಎಸ್ 61' ಎಂದು ಬರೆದರು. ಏಪ್ರಿಲ್‌ನಲ್ಲಿ ಅವನೇ ಮಾತ್ರೆ ಬಿಟ್ಟ. ಜೂನ್‌ನಲ್ಲಿ ಬೇರೆ ಆಸ್ಪತ್ರೆಗೆ ಹೋದೆವು. ಅಲ್ಲಿ 'ಪ್ಯಾನ್ಸ್ 104'. ಆಗಸ್ಟ್‌ನಲ್ಲಿ 82. ನಿನ್ನೆ 84.

ಅಪ್ಪ 61 ಇದ್ದದ್ದು 104 ಆಗಿದೆ, ಮಾತ್ರೆಯೇ ಹಾಳು ಮಾಡಿತು ಎನ್ನುತ್ತಾರೆ. ನಿನ್ನೆ 84 ನೋಡಿದ ಮೇಲಂತೂ ಮಾತ್ರೆ ನಿಲ್ಲಿಸೋಣ ಎಂದೇ ಕೂತಿದ್ದಾರೆ. ಈ ಅಂಕದ ಅರ್ಥ ಏನು ಎಂದು ಕೇಳಿದರೆ, ಅಲ್ಲಿದ್ದವರು 'ಅದು ಡಾಕ್ಟರಿಗೆ ಮಾತ್ರ, ನಿಮಗೆ ಬೇಡ' ಎಂದರು. ನಮಗೆ ಬೇಡವೇ? ದಿನಾ ಅವನ ಜೊತೆ ಇರುವವರು ನಾವು. ಯಾರಿಗಾದರೂ ಗೊತ್ತಿದ್ದರೆ ಬಿಡಿಸಿ ಹೇಳಿ.


ವಾರ್ಡ್ ನೋಟ್ಸ್
ಅಕ್ಟೋಬರ್ 21, ರಾತ್ರಿ 11.25

ಕಿರುಹೊಳೆ, ಮೊದಲ ಮಾತು. ಈ ಅಂಕ ನೋಡಿ ಮಾತ್ರೆ ನಿಲ್ಲಿಸಬೇಡಿ. ತಂದೆಯವರಿಗೆ ಇದನ್ನೇ ಓದಿ ಹೇಳಿ. ನಾನು ಮಡಿಕೇರಿಯವಳು. ಮನೋರೋಗ ವಿಭಾಗಗಳಲ್ಲಿ ಸೈಕಾಲಜಿಸ್ಟ್ ಆಗಿ ವರ್ಷಗಟ್ಟಲೆ ಇದೇ ಅಂಕ ಹಾಕುವ ಕೆಲಸ ಮಾಡಿದ್ದೇನೆ. ನಿಮ್ಮ ತಮ್ಮನನ್ನು ನೋಡದೆ ಚಿಕಿತ್ಸೆ ಬಗ್ಗೆ ಏನೂ ಹೇಳಲಾರೆ. ಅಳತೆಗೋಲಿನ ಬಗ್ಗೆ ಹೇಳಬಲ್ಲೆ.

61 ಮತ್ತು 104 ಎರಡು ಬೇರೆ ಗೋಲುಗಳಲ್ಲಿ ಅಳೆದದ್ದು. ಎರಡೂ ಲಕ್ಷಣಗಳ ಪಟ್ಟಿ. ಒಂದೊಂದು ಲಕ್ಷಣ ಒಂದೊಂದು ಅಂಶ, ಅಂಕ ಜಾಸ್ತಿ ಎಂದರೆ ಕಾಯಿಲೆ ಜಾಸ್ತಿ. ಒಂದೇ ಬಟ್ಟೆಯನ್ನು ಒಬ್ಬರು ಮೊಳದಲ್ಲಿ, ಇನ್ನೊಬ್ಬರು ಗೇಣಿನಲ್ಲಿ ಅಳೆದ ಹಾಗೆ. ಬಿಪಿಆರ್‌ಎಸ್ ಹಳೆಯದು, 1962ರದ್ದು. ಓವರಾಲ್ ಮತ್ತು ಗೋರ್‌ಹ್ಯಾಮ್ ಎಂಬಿಬ್ಬರು ಮಾಡಿದ್ದು. ಮೊದಲು 16 ಅಂಶ ಇತ್ತು, ಆಮೇಲೆ 18 ಆಯಿತು. 24 ಅಂಶದ್ದೂ ಒಂದಿದೆ. 18ರದ್ದಾದರೆ ಅಂಕ 18ರಿಂದ 126ರ ಒಳಗೆ ಬರುತ್ತದೆ. ಪ್ಯಾನ್ಸ್ 1987ರಲ್ಲಿ ಬಂತು. ಸ್ಟ್ಯಾನ್ಲಿ ಕೇ, ಫಿಸ್ಬೈನ್, ಓಪ್ಲರ್ ಮೂವರು ಸೇರಿ ಮಾಡಿದ್ದು. ಅದರಲ್ಲಿ 30 ಅಂಶ, ಪ್ರತಿಯೊಂದಕ್ಕೂ 1ರಿಂದ 7. ಹಾಗಾಗಿ 30ರಿಂದ 210.

ಇವೆರಡನ್ನೂ ಡಾಕ್ಟರುಗಳ ಒಟ್ಟು ಅಂದಾಜಿನ ಜೊತೆ ಹೋಲಿಸಿ ನೋಡಿದ ಅಧ್ಯಯನಗಳಿವೆ. ಬಿಪಿಆರ್‌ಎಸ್‌ನಲ್ಲಿ 18 ಅಂಶದ್ದಾದರೆ 53ರ ಆಸುಪಾಸು ಎಂದರೆ ಕಾಯಿಲೆ ಎದ್ದು ಕಾಣುವ ಮಟ್ಟ. ಪ್ಯಾನ್ಸ್‌ನಲ್ಲಿ ಅದೇ ಮಟ್ಟ 95ರ ಆಸುಪಾಸು. ಅಂದರೆ ಫೆಬ್ರವರಿಯ 61, ಜೂನ್‌ನ 104 ಹೆಚ್ಚುಕಡಿಮೆ ಒಂದೇ ಜಾಗ. ಮಾತ್ರೆ ಹಾಳು ಮಾಡಿತು ಎನ್ನುವುದಕ್ಕೆ ಇಲ್ಲಿ ಆಧಾರ ಇಲ್ಲ. ಅವನು ಮಾತ್ರೆ ಬಿಟ್ಟ ಮೇಲೆ ಮತ್ತೆ ಅಲ್ಲಿಗೇ ಬಂದು ನಿಂತಿದ್ದಾನೆ ಎಂದೇ ನನಗೆ ಕಾಣುತ್ತದೆ.

82 ಮತ್ತು 84ರ ವಿಷಯ ನಾಳೆ ಬರೆಯುತ್ತೇನೆ. ಅಷ್ಟರಲ್ಲಿ ಒಂದು ನೆನಪು ಮಾಡಿಕೊಳ್ಳಿ: ಹಿಂದಿನ ವಾರ ಮನೆಯಲ್ಲಿ ಏನಾದರೂ ವಿಶೇಷ ಇತ್ತಾ? ಎರಡೂ ಸಲ ಅಂಕ ಹಾಕಿದವರು ಒಬ್ಬರೇನಾ?


ಸಂಪಿಗೆಕಟ್ಟೆ, ಮಡಿಕೇರಿ
ಅಕ್ಟೋಬರ್ 22, ಬೆಳಿಗ್ಗೆ 6.50

ನಾನು ಗಣಿತದ ಮೇಷ್ಟ್ರು, ಈಗ ನಿವೃತ್ತ. ಮಗನಿಗೆ ಇದೇ ಕಾಯಿಲೆ ಬಂದು ಹನ್ನೊಂದು ವರ್ಷ ಆಯಿತು. ನನಗೂ ಈ ಲೆಕ್ಕದಲ್ಲಿ ಮೊದಲು ತಪ್ಪಾಗಿತ್ತು. ಅದಕ್ಕೇ ಹೇಳುತ್ತಿದ್ದೇನೆ.

ಪ್ಯಾನ್ಸ್‌ನಲ್ಲಿ ಸೊನ್ನೆ ಇಲ್ಲ. ಯಾವ ತೊಂದರೆಯೂ ಇಲ್ಲದವರಿಗೂ 30 ಬರುತ್ತದೆ. ಏಕೆಂದರೆ 'ಇಲ್ಲ' ಎಂಬುದಕ್ಕೇ 1 ಅಂಕ. ಹಾಗಾಗಿ ಎಷ್ಟು ಇಳಿಯಿತು ಎಂದು ನೋಡುವಾಗ ಮೊದಲು 30 ಕಳೆಯಬೇಕು. 104ರಲ್ಲಿ 30 ಕಳೆದರೆ 74. 82ರಲ್ಲಿ 30 ಕಳೆದರೆ 52. 74 ಇದ್ದದ್ದು 52 ಆಗಿದೆ, ಅಂದರೆ 22 ಇಳಿದಿದೆ. 74ರಲ್ಲಿ 22 ಎಂದರೆ ಹತ್ತಿರ ಹತ್ತಿರ ಶೇ 30. ನೇರವಾಗಿ 104ರಲ್ಲಿ 22 ಎಂದು ಮಾಡಿದರೆ ಶೇ 21 ಬರುತ್ತದೆ. ಎರಡು ತಿಂಗಳಲ್ಲಿ ಶೇ 30 ಇಳಿದಿದೆ ಎಂದರೆ ಸುಮ್ನೆ ಅಲ್ಲ. ಕಿರುಹೊಳೆಯವರೇ, ತಂದೆಯವರಿಗೆ ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿ ತೋರಿಸಿ. ನಮ್ಮಂಥ ಹಳೇ ಕಾಲದವರಿಗೆ ಬರೆದು ತೋರಿಸಿದರೆ ಬೇಗ ಮನಸ್ಸಿಗೆ ಹತ್ತುತ್ತದೆ.


ಹಾರಂಗಿ
ಅಕ್ಟೋಬರ್ 22, ಬೆಳಿಗ್ಗೆ 9.15

ಬೇಸರ ಮಾಡಿಕೊಳ್ಳಬೇಡಿ. ಬಿಪಿ ಅಳೆಯಲು ಯಂತ್ರ ಇದೆ, ಸಕ್ಕರೆಗೆ ರಕ್ತ ಪರೀಕ್ಷೆ ಇದೆ. ಇದರಲ್ಲಿ ಒಬ್ಬರು ಎದುರಿಗೆ ಕೂತು ಮಾತಾಡಿಸಿ 4 ಅಥವಾ 5 ಎಂದು ಬರೆಯುತ್ತಾರೆ, ಅಲ್ವಾ? ಅವರ ಮನಸ್ಸಿಗೆ ಬಂದದ್ದೇ ಅಂಕ. ನನ್ನ ಹೆಂಡತಿಗೆ ಹೀಗೇ ಆಗಿತ್ತು. ಆವತ್ತು ಅವಳು ಏಳು ಗಂಟೆಗೆ ಎದ್ದು ಬಸ್ಸಿನಲ್ಲಿ ಕೂತು ಸುಸ್ತಾಗಿದ್ದಳು. ಮಾತಾಡಲಿಲ್ಲ. 'ಮಾತು ಕಡಿಮೆ, ಭಾವನೆ ಇಲ್ಲ' ಎಂದು ಬರೆದರು. ಮನೆಗೆ ಬಂದು ನಾಯಿಮರಿಯ ಜೊತೆ ಅರ್ಧ ಗಂಟೆ ಮಾತಾಡಿದಳು. ಆ ನಾಯಿಮರಿಗೆ ಕೊಟ್ಟ ಮುಖ ಅವರಿಗೆ ಎಲ್ಲಿ ಕಾಣಬೇಕು?


ವಾರ್ಡ್ ನೋಟ್ಸ್
ಅಕ್ಟೋಬರ್ 22, ಮಧ್ಯಾಹ್ನ 2.10

ಹಾರಂಗಿ, ಈ ಪ್ರಶ್ನೆ ಕೇಳಲೇಬೇಕಾದದ್ದು. ಸ್ವಲ್ಪ ಉದ್ದ ಬರೆಯುತ್ತೇನೆ.

ಮನಸ್ಸಿಗೆ ಬಂದದ್ದನ್ನು ಬರೆಯುವಂತಿಲ್ಲ. ಪ್ರತಿ ಅಂಶಕ್ಕೂ ಪ್ರತಿ ಅಂಕಕ್ಕೂ ಇಂಥದ್ದು ಕಂಡರೆ ಇಷ್ಟು ಎಂಬ ವಿವರಣೆ ಇದೆ. ಇಲ್ಲದ ದನಿ ಕೇಳುವುದನ್ನೇ ತೆಗೆದುಕೊಳ್ಳಿ. ಅಪರೂಪಕ್ಕೆ ಕೇಳುತ್ತದೆ, ಅದರಿಂದ ನಡವಳಿಕೆ ಬದಲಾಗಿಲ್ಲ ಎಂದರೆ 3. ಆಗಾಗ ಕೇಳುತ್ತದೆ, ಬದುಕಿನ ಮೇಲೆ ಸ್ವಲ್ಪ ಮಾತ್ರ ಪರಿಣಾಮ ಎಂದರೆ 4. ಆಗಾಗ ಕೇಳಿ ಯೋಚನೆಯನ್ನೇ ತಿರುಚುತ್ತದೆ, ಕೆಲಸ ಕೆಡಿಸುತ್ತದೆ ಎಂದರೆ 5. ಕಲಿಯುವಾಗ ಒಂದೇ ಸಂದರ್ಶನವನ್ನು ಹತ್ತು ಜನ ನೋಡಿ ಬೇರೆ ಬೇರೆ ಕೂತು ಅಂಕ ಹಾಕುತ್ತೇವೆ. ಆಮೇಲೆ ಹೋಲಿಸುತ್ತೇವೆ. ನಾನು 3 ಹಾಕಿ ಉಳಿದವರು 5 ಹಾಕಿದ್ದರೆ, ಏಕೆ ಎಂದು ವಿವರಿಸಬೇಕು. ಇದು ತಿಂಗಳುಗಟ್ಟಲೆ ನಡೆಯುತ್ತದೆ.

ಪ್ಯಾನ್ಸ್ ಸಂದರ್ಶನ ಸರಿಯಾಗಿ ಮಾಡಿದರೆ 30ರಿಂದ 40 ನಿಮಿಷ ಬೇಕು. ಹೊರರೋಗಿ ವಿಭಾಗದಲ್ಲಿ ಎಂಬತ್ತು ಜನ ಸಾಲಿನಲ್ಲಿದ್ದಾಗ ಅಷ್ಟು ಹೊತ್ತು ಎಲ್ಲಿ ಸಿಗಬೇಕು? ಅದಕ್ಕೇ ತುಂಬ ಕಡೆ ಇದನ್ನು ಮಾಡುವುದೇ ಇಲ್ಲ. ಸಿಜಿಐ ಎಂದು ಒಂದಿದೆ. ಒಟ್ಟಾರೆ ಎಷ್ಟು ಕಾಯಿಲೆ ಎಂದು 1ರಿಂದ 7ರ ಒಳಗೆ ಒಂದೇ ಅಂಕ. ಅವಸರದಲ್ಲಿ ಅದು ಸಾಕಾಗುತ್ತದೆ. ಆದರೆ ಯಾವುದು ಇಳಿಯಿತು, ಯಾವುದು ನಿಂತಲ್ಲೇ ನಿಂತಿದೆ ಎಂದು ಅದರಿಂದ ಗೊತ್ತಾಗುವುದಿಲ್ಲ.

ಈಗ ನಾಯಿಮರಿಯ ಮಾತು. ಹಾರಂಗಿ, ಅದನ್ನು ನೀವು ಅವರಿಗೆ ಹೇಳಿದಿರಾ? ಪ್ಯಾನ್ಸ್‌ನ 30 ಅಂಶಗಳಲ್ಲಿ ಕೆಲವನ್ನು ಸಂದರ್ಶನದ ಕೋಣೆಯಲ್ಲಿ ನೋಡಿಯೇ ಹಾಕಬೇಕು, ಮುಖದ ಭಾವನೆ ಅಂಥದ್ದು. ಆದರೆ 'ಜನರಿಂದ ದೂರ ಉಳಿಯುವುದು' ಎಂಬ ಅಂಶಕ್ಕೆ ಆಧಾರವೇ ಮನೆಯವರ ಮಾತು. ಊಟಕ್ಕೆ ಕರೆದರೆ ಬರುತ್ತಾಳಾ? ನೆಂಟರು ಬಂದರೆ ಕೋಣೆಗೆ ಹೋಗುತ್ತಾಳಾ? ತಾನಾಗಿ ಯಾರನ್ನಾದರೂ ಮಾತಾಡಿಸುತ್ತಾಳಾ? ಇದನ್ನು ಮನೆಯವರನ್ನು ಕೇಳದೆ ಹಾಕಿದ ಅಂಕ ಅರ್ಧ ಅಂಕ. ನಾನು ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಇನ್ನೊಂದು ಅನುಭವ ಹೇಳಬೇಕು. ಗುರುತು ಸಿಗದ ಹಾಗೆ ಬದಲಾಯಿಸಿದ್ದೇನೆ. ಪ್ಯಾನ್ಸ್‌ನಲ್ಲಿ 'ಅಮೂರ್ತವಾಗಿ ಯೋಚಿಸಲು ಕಷ್ಟ' ಎಂಬ ಅಂಶ ಇದೆ. ಅದಕ್ಕೆ ಗಾದೆ ಕೊಟ್ಟು ಅರ್ಥ ಕೇಳುತ್ತೇವೆ. ಕಾಯಿಲೆ ಜಾಸ್ತಿ ಇದ್ದಾಗ ಗಾದೆಯ ಒಳಗಿನ ಅರ್ಥ ಸಿಗದೆ ಮೇಲಿನ ಮಾತನ್ನೇ ಹಿಡಿದುಕೊಳ್ಳುತ್ತಾರೆ. ನನ್ನ ಜೊತೆ ಕಲಿಯುತ್ತಿದ್ದವರೊಬ್ಬರು ಬಯಲುಸೀಮೆಯವರು. ಅವರು ದಕ್ಷಿಣ ಕೊಡಗಿನ ಒಬ್ಬರಿಗೆ 'ಹಿತ್ತಲ ಗಿಡ ಮದ್ದಲ್ಲ' ಕೊಟ್ಟರು. ಅವರು ತಟ್ಟನೆ ಹೇಳಿದರು: 'ಯಾರು ಹೇಳಿದ್ದು? ಮದ್ದು ಸೊಪ್ಪು ನಮ್ಮ ಹಿತ್ತಲಲ್ಲೇ ಇದೆ. ಕಕ್ಕಡ ಹದಿನೆಂಟಕ್ಕೆ ಪಾಯಸ ಮಾಡುತ್ತೇವೆ.' ನನ್ನ ಜೊತೆಯವರು 5 ಹಾಕಿದರು. ಮೇಲಿನ ಮಾತನ್ನೇ ಹಿಡಿದುಕೊಂಡಿದ್ದಾರೆ ಎಂದು.

ನನಗೆ ಆ ನೇರಳೆ ಪಾಯಸ ಕಣ್ಣ ಮುಂದೆ ಬಂತು. ಕಕ್ಕಡ ನಮ್ಮ ಮಳೆಗಾಲದ ತಿಂಗಳು, ಅದರ ಹದಿನೆಂಟು ಎಂದರೆ ಆಗಸ್ಟ್ ಮೊದಲ ವಾರ. ಹೊರಗೆ ಬಿಡದ ಮಳೆ, ಅಡುಗೆಮನೆ ತುಂಬ ಆ ಸೊಪ್ಪಿನ ವಾಸನೆ. ಆ ದಿನ ಸೊಪ್ಪಿನಲ್ಲಿ ಮದ್ದು ಕೂಡಿರುತ್ತದೆ ಎಂದು ನಂಬುವ ಊರಿನವರಿಗೆ ಆ ಗಾದೆ ಕೊಟ್ಟರೆ, ಯಾವ ಕಾಯಿಲೆ ಇಲ್ಲದ ನನ್ನ ಅಜ್ಜಿಯೂ ಅದನ್ನೇ ಹೇಳುತ್ತಿದ್ದರು. ಬೇರೆ ಗಾದೆ ಕೊಡಿ ಎಂದೆ. 'ಬೆಳ್ಳಗಿರುವುದೆಲ್ಲ ಹಾಲಲ್ಲ' ಕೊಟ್ಟರು. ಅವರು ಸ್ವಲ್ಪ ಯೋಚಿಸಿ, 'ನೋಡಲು ಒಳ್ಳೆಯವರು ಎಂದು ನಂಬಬಾರದು, ನನ್ನ ಭಾವನ ಹಾಗೆ' ಎಂದರು. 5 ಅಲ್ಲ ಅದು, 2. ಒಂದು ಅಂಶದಲ್ಲೇ ಮೂರು ಅಂಕದ ವ್ಯತ್ಯಾಸ.

ಹಾಗಾಗಿ ಅಳೆಯಲು ಆಗುತ್ತಾ ಎಂದರೆ ಆಗುತ್ತದೆ. ಆದರೆ ಅಳೆಯುವವರಿಗೆ ಊರು ಗೊತ್ತಿರಬೇಕು, ಮನೆಯವರನ್ನು ಕೇಳಬೇಕು.


ತಿತಿಮತಿ ರಸ್ತೆ
ಅಕ್ಟೋಬರ್ 22, ಸಂಜೆ 7.30

ನಾನು ಆದಿವಾಸಿ ಹಾಡಿಗಳಲ್ಲಿ, ತೋಟದ ಕೆಲಸದವರ ಲೈನ್ ಮನೆಗಳಲ್ಲಿ ಓಡಾಡುವ ಆರೋಗ್ಯ ಕಾರ್ಯಕರ್ತೆ. ಮೇಲಿನದ್ದನ್ನು ಓದಿ ಬರೆಯದೆ ಇರಲು ಆಗಲಿಲ್ಲ.

ನಮ್ಮ ಜಿಲ್ಲೆಯಲ್ಲಿ ಒಂದೇ ಬಸ್ಸಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವ ಮಾತು, ಜೇನು ಕುರುಬರ ಮಾತು ಎಲ್ಲ ಕೇಳುತ್ತದೆ. ಆಸ್ಪತ್ರೆಯಲ್ಲಿ ಎಲ್ಲರಿಗೂ ಕನ್ನಡದಲ್ಲೇ ಪ್ರಶ್ನೆ. ನಾನು ಕರೆದುಕೊಂಡು ಹೋದ ಒಬ್ಬ ಯರವ ಹುಡುಗಿ ಕನ್ನಡದಲ್ಲಿ 'ಹೌದು', 'ಇಲ್ಲ', 'ಗೊತ್ತಿಲ್ಲ' ಬಿಟ್ಟು ಏನೂ ಹೇಳಲಿಲ್ಲ. ಹೊರಗೆ ಬಂದು ಅವಳ ಮಾತಿನಲ್ಲಿ ನನಗೆ ಇಪ್ಪತ್ತು ನಿಮಿಷ ಹೇಳಿದಳು. ಮಾತು ಬತ್ತಿಹೋಗಿದೆ ಎಂದು ಅಂಕ ಹಾಕಿದ್ದರೆ ಅದು ಅವಳ ಕಾಯಿಲೆಯ ಅಂಕ ಅಲ್ಲ, ಭಾಷೆಯ ಅಂಕ. ಈಗ ನಾನು ಒಳಗೇ ಹೋಗಿ ಕೂರುತ್ತೇನೆ.

ಇನ್ನೊಂದು. 'ರಾತ್ರಿ ಮನೆ ಸುತ್ತ ಏನೋ ಓಡಾಡುತ್ತದೆ, ಹೊರಗೆ ಬರಲು ಭಯ' ಎಂದು ಒಬ್ಬ ಹೆಂಗಸು ಹೇಳಿದರು. ಕೇಳುತ್ತಿದ್ದವರು ಬರೆದುಕೊಳ್ಳಲು ಶುರು ಮಾಡಿದರು. ನಾನು ತಡೆದು ಹೇಳಿದೆ: ಅದು ಆನೆ. ಹಿಂದಿನ ರಾತ್ರಿ ಬಂದು ಬಾಳೆ ಮುರಿದು ಹೋಗಿತ್ತು. ಲದ್ದಿ ಇನ್ನೂ ಅಂಗಳದಲ್ಲೇ ಇತ್ತು. ಅದೇ ಹೆಂಗಸು ಆಮೇಲೆ, 'ಆನೆಯನ್ನು ನನ್ನ ಓರಗಿತ್ತಿ ಮಂತ್ರ ಹಾಕಿ ಕಳಿಸುತ್ತಾಳೆ, ನಮ್ಮ ಮನೆಗೆ ಮಾತ್ರ' ಎಂದರು. ಅದು ಬರೆದುಕೊಳ್ಳಬೇಕಾದದ್ದೇ. ಎರಡರ ನಡುವಿನ ಗೆರೆ ಇಲ್ಲಿಯವರಿಗೆ ಗೊತ್ತಾಗುತ್ತದೆ.

ಮನೆತನದ ಮೂಲ ಹಿರಿಯ ಕಾರೋಣನಿಗೆ ಎಡೆ ಇಡುವಾಗ ಹಿರಿಯರು ಬಂದಂತಾಯಿತು ಎಂದು ಹೇಳುವುದೂ ಹಾಗೆಯೇ. ಮನೆಯವರೆಲ್ಲ ಒಪ್ಪುವ ನಂಬಿಕೆ, ಆ ದಿನಕ್ಕೆ ಬಂದು ಆ ದಿನಕ್ಕೆ ಹೋಗುತ್ತದೆ. ಅದು ಲಕ್ಷಣ ಅಲ್ಲ. ಮನೆಯವರೇ 'ಇದು ನಮ್ಮ ಪದ್ಧತಿ ಅಲ್ಲ, ಇವನು ಬೇರೆ ಏನೋ ಹೇಳುತ್ತಿದ್ದಾನೆ' ಎಂದರೆ ಆಗ ಕಿವಿ ಕೊಡಬೇಕು.


ಕಿರುಹೊಳೆ
ಅಕ್ಟೋಬರ್ 22, ರಾತ್ರಿ 10.05

ಎಲ್ಲರಿಗೂ ತುಂಬ ಧನ್ಯವಾದ. ಮೇಷ್ಟ್ರೇ, ನಿಮ್ಮ ಲೆಕ್ಕವನ್ನು ಅಪ್ಪನಿಗೆ ಬರೆದು ತೋರಿಸಿದೆ. ಎರಡು ಸಲ ತಾವೇ ಕಳೆದು ನೋಡಿದರು. ಏನೂ ಹೇಳಲಿಲ್ಲ. ಆದರೆ ರಾತ್ರಿ ಮಾತ್ರೆಯ ಡಬ್ಬಿಯನ್ನು ಅವರೇ ತಂದು ಕೊಟ್ಟರು.

ವಾರ್ಡ್ ನೋಟ್ಸ್, ನೀವು ಕೇಳಿದ್ದಕ್ಕೆ. ಹಿಂದಿನ ವಾರ ಕಾವೇರಿ ಸಂಕ್ರಮಣ. ತಲಕಾವೇರಿಗೆ ಹೋಗುವವರು, ಬರುವವರು, ಮನೆ ತುಂಬ ನೆಂಟರು. ಮೂರು ರಾತ್ರಿ ಅವನ ಕೋಣೆಯಲ್ಲೂ ಜನ ಮಲಗಿದ್ದರು. ಅವನು ಅಟ್ಟದ ಮೇಲೆ ಹೋಗಿ ಕೂರುತ್ತಿದ್ದ. ಸರಿಯಾಗಿ ನಿದ್ದೆ ಮಾಡಿಲ್ಲ. ಅಂಕ ಹಾಕಿದವರು ಆಗಸ್ಟ್‌ನಲ್ಲಿ ಒಬ್ಬರು, ಮೊನ್ನೆ ಬೇರೆಯವರು.


ವಾರ್ಡ್ ನೋಟ್ಸ್
ಅಕ್ಟೋಬರ್ 22, ರಾತ್ರಿ 10.50

ಹಾಗಾದರೆ ಉತ್ತರ ನಿಮ್ಮ ಹತ್ತಿರವೇ ಇದೆ. ಪ್ಯಾನ್ಸ್ ಸಾಮಾನ್ಯವಾಗಿ ಹಿಂದಿನ ಒಂದು ವಾರವನ್ನು ಅಳೆಯುತ್ತದೆ. ಆ ವಾರ ಅವನಿಗೆ ನಿದ್ದೆ ಇಲ್ಲ, ಜಾಗ ಇಲ್ಲ. ಮೇಲಾಗಿ ಅಳೆದವರು ಬೇರೆ. 30 ಅಂಶಗಳಲ್ಲಿ ಎರಡರಲ್ಲಿ ಒಂದೊಂದು ಅಂಕ ಏರಿದರೆ 82 ಇದ್ದದ್ದು 84 ಆಗುತ್ತದೆ. ಇದನ್ನು ಏರಿಕೆ ಎಂದು ನಾನು ಕರೆಯುವುದಿಲ್ಲ. ನಿಜ ಹೇಳಬೇಕೆಂದರೆ ಅಷ್ಟು ಗದ್ದಲದ ವಾರದಲ್ಲೂ 84ರಲ್ಲೇ ನಿಂತದ್ದು ನನಗೆ ಸಮಾಧಾನ ತರುತ್ತದೆ.


ಕಾಫಿಹೂವು, ಸುಂಟಿಕೊಪ್ಪ
ಅಕ್ಟೋಬರ್ 23, ಬೆಳಿಗ್ಗೆ 11.20

ಒಟ್ಟು ಅಂಕದ ಹಿಂದೆ ಬೀಳಬೇಡಿ, ಒಳಗಿನ ಪಾಲು ನೋಡಿ. ನನ್ನ ಮಗಳ ವಿಷಯದಲ್ಲಿ ನಾನು ಇದನ್ನು ತಡವಾಗಿ ಕಲಿತೆ.

ಪ್ಯಾನ್ಸ್‌ನಲ್ಲಿ ಮೂರು ಗುಂಪು. ಇರಬಾರದ್ದು ಬಂದು ಸೇರಿಕೊಂಡದ್ದು ಒಂದು, 7 ಅಂಶ: ಭ್ರಮೆ, ಇಲ್ಲದ ದನಿ, ಅನುಮಾನ, ಸಿಟ್ಟು ಈ ಥರದ್ದು. ಇರಬೇಕಾದದ್ದು ಹೋದದ್ದು ಇನ್ನೊಂದು, ಅದೂ 7: ಮುಖದಲ್ಲಿ ಭಾವನೆ ಇಲ್ಲ, ಮಾತು ಇಲ್ಲ, ಯಾರ ಜೊತೆಗೂ ಸೇರುವುದಿಲ್ಲ. ಉಳಿದ 16ರಲ್ಲಿ ಆತಂಕ, ದುಃಖ, ಏಕಾಗ್ರತೆ ಎಲ್ಲ ಬರುತ್ತದೆ.

ಮಗಳಿಗೆ ಮೊದಲ ಗುಂಪು ಮೂರೇ ತಿಂಗಳಲ್ಲಿ ಇಳಿಯಿತು. ದನಿ ನಿಂತಿತು. ಮನೆಯಲ್ಲಿ ಹಬ್ಬವೇ ಆಯಿತು. ಆದರೆ ಅವಳು ಕಿಟಕಿ ಪಕ್ಕ ಕೂತರೆ ಕೂತಳು. ಕಾಫಿ ಹೂ ಬಿಟ್ಟಾಗ ತೋಟವೆಲ್ಲ ಬೆಳ್ಳಗೆ, ವಾಸನೆ ಮನೆಯೊಳಗೆ ಬರುತ್ತದೆ. ಚಿಕ್ಕವಳಿದ್ದಾಗ ಕುಣಿದು ಓಡುತ್ತಿದ್ದವಳು. ಆ ವರ್ಷ ತಲೆ ಎತ್ತಿಯೂ ನೋಡಲಿಲ್ಲ. ಎಲ್ಲರೂ ಸೋಮಾರಿ ಎಂದರು. ನಾನೂ ಒಂದು ಸಲ ಬೈದೆ. ಅದು ಇವತ್ತಿಗೂ ಚುಚ್ಚುತ್ತದೆ.

ಒಬ್ಬ ಡಾಕ್ಟರ್ ಅವಳ ಕೈ ಹಿಡಿದು ಮೊಣಕೈ ಮಡಿಸಿ ಬಿಡಿಸಿ ನೋಡಿದರು. ಹಲ್ಲಿನ ಚಕ್ರ ತಿರುಗಿದ ಹಾಗೆ ತಡೆದು ತಡೆದು ಬರುತ್ತಿತ್ತು. ನಡೆಯಲು ಹೇಳಿದರು, ಕೈ ಬೀಸುತ್ತಿರಲಿಲ್ಲ. ಮುಖ ಗಟ್ಟಿಯಾಗಿರುವುದರಲ್ಲಿ ಸ್ವಲ್ಪ ಪಾಲು ಕಾಯಿಲೆಯದಲ್ಲ, ಮಾತ್ರೆಯದು ಎಂದರು. ಡೋಸ್ ಬದಲಾಯಿಸಿದರು. ಆರು ವಾರದಲ್ಲಿ ಮುಖ ಸಡಿಲವಾಯಿತು. ಪೂರ್ತಿ ಅಲ್ಲ. ಆದರೆ ಚಹಾ ಕೊಟ್ಟರೆ 'ಸಕ್ಕರೆ ಕಡಿಮೆ' ಎಂದಳು. ಆ ಎರಡು ಮಾತಿಗೆ ನಾನು ಅಡುಗೆಮನೆಗೆ ಹೋಗಿ ಅತ್ತೆ.


ವಾರ್ಡ್ ನೋಟ್ಸ್
ಅಕ್ಟೋಬರ್ 23, ಮಧ್ಯಾಹ್ನ 1.00

ಕಾಫಿಹೂವು ಹೇಳಿದ್ದು ಬಹಳ ದೊಡ್ಡ ವಿಷಯ. ಭಾವನೆ ಕಾಣದ ಮುಖಕ್ಕೆ ಕಾರಣ ಮೂರಿರಬಹುದು: ಕಾಯಿಲೆ, ಮಾತ್ರೆಯಿಂದ ಬಂದ ಬಿಗಿತ, ಖಿನ್ನತೆ. ಪ್ಯಾನ್ಸ್ ಒಂದರಿಂದಲೇ ಇವನ್ನು ಬೇರ್ಪಡಿಸಲು ಆಗುವುದಿಲ್ಲ. ಬಿಗಿತಕ್ಕೆ ಸಿಂಪ್ಸನ್-ಆಂಗಸ್ ಎಂಬ ಬೇರೆ ಅಳತೆ ಇದೆ, 1970ರದ್ದು. ಕೂರಲಾಗದ ಚಡಪಡಿಕೆಗೆ ಬಾರ್ನ್ಸ್ ಅಳತೆ, 1989ರದ್ದು. ಈ ಕಾಯಿಲೆಯ ಜೊತೆ ಬರುವ ಖಿನ್ನತೆಗೆಂದೇ ಕ್ಯಾಲ್ಗರಿ ಎಂಬ 9 ಪ್ರಶ್ನೆಯ ಅಳತೆ ಇದೆ. ಕೊನೆಯದನ್ನು ದಯವಿಟ್ಟು ಮರೆಯಬೇಡಿ. ದನಿ ಇಳಿದು, ಏನಾಯಿತು ಎಂಬ ಅರಿವು ಬರುವ ಹೊತ್ತಿನಲ್ಲಿ ಕೆಲವರಿಗೆ ಬದುಕೇ ಬೇಡ ಎನಿಸುತ್ತದೆ. ಪ್ಯಾನ್ಸ್ ಇಳಿಯುತ್ತಿದೆ ಎಂದು ನಾವು ಖುಷಿಯಲ್ಲಿರುವಾಗಲೇ ಅದು ನಡೆಯಬಹುದು.


ದನಿ ಕೇಳಿದವನು
ಅಕ್ಟೋಬರ್ 23, ರಾತ್ರಿ 9.45

ಇಲ್ಲಿ ಬರೆದವರೆಲ್ಲ ಮನೆಯವರು, ಚಿಕಿತ್ಸೆಯವರು. ನಾನು ಅಂಕ ಹಾಕಿಸಿಕೊಂಡವನು. ನನ್ನ ಮಾತೂ ಇರಲಿ.

ನನಗೆ ದನಿ ಕೇಳಲು ಶುರುವಾಗಿ ಒಂಬತ್ತು ವರ್ಷ. ಮೊದಲ ನಾಲ್ಕು ವರ್ಷ ಎಲ್ಲರೂ ಕೇಳಿದ್ದು ಒಂದೇ: 'ಇನ್ನೂ ಕೇಳುತ್ತಾ?' ನಾನು ಹೌದು ಎಂದರೆ ಮುಖ ಸಣ್ಣದಾಗುತ್ತಿತ್ತು. ಅದಕ್ಕೆ ಇಲ್ಲ ಎನ್ನುವುದನ್ನು ಕಲಿತೆ.

ಆಮೇಲೆ ಒಬ್ಬರು ಸೈರ್ಯಾಟ್ಸ್ ಎಂಬ ಅಳತೆ ತಂದರು. ಅದರಲ್ಲಿ ದನಿಗೇ 11 ಪ್ರಶ್ನೆ, ಭ್ರಮೆಗೆ 6. ಒಂದೊಂದಕ್ಕೂ 0ಯಿಂದ 4. ದನಿ ಎಷ್ಟು ಸಲ ಬರುತ್ತದೆ, ಬಂದರೆ ಎಷ್ಟು ಹೊತ್ತು ಇರುತ್ತದೆ, ತಲೆಯ ಒಳಗಾ ಹೊರಗಾ, ಎಷ್ಟು ಜೋರು, ಎಲ್ಲಿಂದ ಬರುತ್ತದೆ ಎಂದು ನಾನು ನಂಬುತ್ತೇನೆ, ಎಷ್ಟು ಕೆಟ್ಟದಾಗಿ ಬೈಯುತ್ತದೆ, ಎಷ್ಟು ಸಂಕಟ ಕೊಡುತ್ತದೆ, ನನ್ನ ಹಿಡಿತಕ್ಕೆ ಬರುತ್ತದಾ. ಆ ದನಿಯ ಬಗ್ಗೆ ಯಾರೋ ಇಷ್ಟು ವಿವರವಾಗಿ ಕೇಳಿದ್ದು ಅದೇ ಮೊದಲು. ಅಂಕಕ್ಕಿಂತ ಆ ಕೇಳುವಿಕೆಯೇ ನನಗೆ ಅರ್ಧ ಔಷಧಿ.

ನಾನು ಕಣದಲ್ಲಿ ಒಣಗಿದ ಕಾಫಿ ತಿರುವುವ ಕೆಲಸ ಮಾಡುತ್ತೇನೆ. ಹಲಗೆಯನ್ನು ಎಳೆಯುವಾಗ ಬೀಜ ಉರುಳುವ ಸದ್ದು ಬರುತ್ತದಲ್ಲ, ಅದರ ಒಳಗಿಂದ ದನಿ ಹೊರಡುತ್ತಿತ್ತು. ನನ್ನ ಹೆಜ್ಜೆ ಎಣಿಸುತ್ತಿತ್ತು, ಪ್ರತಿ ಹೆಜ್ಜೆಗೂ ಒಂದು ಬೈಗುಳ. ಆಗ 'ಎಷ್ಟು ಸಲ' ಎಂಬುದಕ್ಕೆ 3 ಇತ್ತು, ಗಂಟೆಗೆ ಒಂದು ಸಲವಾದರೂ ಎಂದು. ಇವತ್ತಿಗೂ ಅದು 3. ಇಳಿದಿಲ್ಲ. ಆದರೆ ಸಂಕಟಕ್ಕೆ 4 ಇದ್ದದ್ದು 1 ಆಗಿದೆ. ಹಿಡಿತಕ್ಕೆ 4 ಇದ್ದದ್ದು 2. ಅದು ಎಣಿಸುತ್ತದೆ, ನಾನು ಕಾಫಿ ತಿರುವುತ್ತೇನೆ. ಇನ್ನೂ ಕೇಳುತ್ತಾ ಎಂದು ಮಾತ್ರ ಕೇಳಿದ್ದರೆ ಈ ಒಂಬತ್ತು ವರ್ಷದಲ್ಲಿ ನಾನು ಒಂದಿಂಚೂ ಮುಂದೆ ಬಂದಿಲ್ಲ ಎಂದೇ ಬರೆಯುತ್ತಿದ್ದರು.

ಕಿರುಹೊಳೆಯವರೇ, ತಮ್ಮನನ್ನು ಕೇಳಿ. ಅವನ ಮುಂದೆಯೇ ಅವನ ಬಗ್ಗೆ ಬೇರೆಯವರಿಗೆ ಹೇಳುವ ಮೊದಲು ಅವನನ್ನು ಕೇಳಿ.


ಹಾರಂಗಿ
ಅಕ್ಟೋಬರ್ 23, ರಾತ್ರಿ 10.30

ಇದನ್ನು ಹೆಂಡತಿಗೆ ಓದಿ ಹೇಳಿದೆ. ಪೂರ್ತಿ ಕೇಳಿದಳು. ನಾಯಿಮರಿಯ ವಿಷಯ ಮುಂದಿನ ಸಲ ಡಾಕ್ಟರಿಗೆ ಹೇಳಲಾ ಎಂದು ಕೇಳಿದೆ. 'ನಾನೇ ಹೇಳುತ್ತೇನೆ' ಎಂದಳು.


ಸಂಪಿಗೆಕಟ್ಟೆ, ಮಡಿಕೇರಿ
ಅಕ್ಟೋಬರ್ 24, ಬೆಳಿಗ್ಗೆ 7.10

ಯಾರೂ ಎತ್ತದ ಒಂದು ವಿಷಯ ಎತ್ತುತ್ತೇನೆ. ನಮ್ಮಲ್ಲಿ ಅನೇಕ ಮನೆಗಳಲ್ಲಿ ಕೋವಿ ಇದೆ. ಕೈಲ್‌ಪೊಳ್ದ್‌ಗೆ ಎಂದರೆ ಆಯುಧ ಪೂಜೆಯ ಹಬ್ಬಕ್ಕೆ ಹೂ ಇಟ್ಟು ಪೂಜೆ ಮಾಡುತ್ತೇವೆ. ಅದು ನಮ್ಮ ಗೌರವ. ಮಗನಿಗೆ ಅನುಮಾನದ ಅಂಕ 6 ಇದ್ದಾಗ ನಾನು ಕೋವಿಯನ್ನು ಅಣ್ಣನ ಮನೆಗೆ ಕಳಿಸಿದೆ. ಊರಿನವರು ಏನೆಂದುಕೊಂಡರೋ. ಎರಡು ಹಬ್ಬ ಕೋವಿ ಇಲ್ಲದೆ ಆಯಿತು. ಈಗಲೂ ಅದು ಅಲ್ಲೇ ಇದೆ. ಅಂಕ ಎಷ್ಟೇ ಇರಲಿ, ಭಯ, ಸಿಟ್ಟು ಅಥವಾ ಸಾಯುವ ಮಾತು ಇದ್ದರೆ ಮೊದಲು ಈ ಕೆಲಸ ಮಾಡಿ. ಡಾಕ್ಟರಿಗೂ ಮನೆಯಲ್ಲಿ ಕೋವಿ ಇದೆ ಎಂದು ಹೇಳಿ. ಅವರಾಗಿ ಕೇಳುವುದಿಲ್ಲ.


ತಿತಿಮತಿ ರಸ್ತೆ
ಅಕ್ಟೋಬರ್ 24, ಬೆಳಿಗ್ಗೆ 8.00

ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು. ರಾತ್ರಿ ಹೊತ್ತು ಏನು ಮಾಡುವುದೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಕನ್ನಡದಲ್ಲಿ ಮಾತಾಡುತ್ತಾರೆ, ಹಗಲೂ ರಾತ್ರಿಯೂ ಸಿಗುತ್ತದೆ. ಜೀವಕ್ಕೆ ಅಪಾಯ ಎಂದು ಕಂಡರೆ ಕಾಯಬೇಡಿ, ಹತ್ತಿರದ ಆಸ್ಪತ್ರೆಗೆ ಹೋಗಿ.


ಶನಿವಾರಸಂತೆ ರೈತ
ಅಕ್ಟೋಬರ್ 24, ಸಂಜೆ 5.40

ಸಣ್ಣ ಪ್ರಶ್ನೆ. ಪ್ಯಾನ್ಸ್ 100 ದಾಟಿದ್ದರೆ ಅಂಗವಿಕಲರ ಕಾರ್ಡ್ ಸಿಗುತ್ತದಾ?


ವಾರ್ಡ್ ನೋಟ್ಸ್
ಅಕ್ಟೋಬರ್ 24, ಸಂಜೆ 6.15

ಇಲ್ಲ. ಅದಕ್ಕೆ ಐಡಿಯಾಸ್ ಎಂಬ ನಮ್ಮ ದೇಶದ್ದೇ ಅಳತೆ ಇದೆ. ಭಾರತೀಯ ಮನೋವೈದ್ಯರ ಸಂಘ ಮಾಡಿದ್ದು. ತನ್ನನ್ನು ತಾನು ನೋಡಿಕೊಳ್ಳುವುದು, ಜನರ ಜೊತೆ ಸಂಬಂಧ, ಮಾತು ಮತ್ತು ಗ್ರಹಿಕೆ, ಕೆಲಸ, ಈ ನಾಲ್ಕಕ್ಕೂ 0ಯಿಂದ 4 ಅಂಕ. ಕಾಯಿಲೆ ಎಷ್ಟು ಕಾಲದಿಂದ ಇದೆ ಎಂಬುದನ್ನೂ ಸೇರಿಸುತ್ತಾರೆ. ಒಟ್ಟು 7 ಅಥವಾ ಜಾಸ್ತಿ ಬಂದರೆ ಅಂಗವಿಕಲತೆ ಶೇ 40 ಮುಟ್ಟಿದಂತೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಸೌಲಭ್ಯಗಳಿಗೆ ಆ ಶೇ 40 ಬೇಕು. ಲಕ್ಷಣ ಬೇರೆ, ಅದರಿಂದ ಬದುಕು ಎಷ್ಟು ನಿಂತಿದೆ ಎಂಬುದು ಬೇರೆ. ದನಿ ಕೇಳುತ್ತಲೇ ಕಣದಲ್ಲಿ ದುಡಿಯುವವರನ್ನು ಮೇಲೆ ನೋಡಿದಿರಲ್ಲ.

ಕಿರುಹೊಳೆ, ನೀವು ಮುಂದಿನ ಸಲ ಹೋಗುವಾಗ ಒಂದು ನೋಟ್‌ಬುಕ್ ತೆಗೆದುಕೊಂಡು ಹೋಗಿ. ಹೋಗುವ ಮೊದಲಿನ ಏಳು ದಿನ, ದಿನಕ್ಕೆ ಎರಡು ಸಾಲು. ಎಷ್ಟು ಗಂಟೆ ಮಲಗಿದ, ಯಾರ ಜೊತೆ ಮಾತಾಡಿದ, ಯಾವುದಕ್ಕೆ ಹೆದರಿದ, ಏನು ಕೆಲಸ ಮಾಡಿದ. 'ಪರವಾಗಿಲ್ಲ', 'ಸುಧಾರಿಸಿದ್ದಾನೆ' ಎಂದು ಬರೆಯಬೇಡಿ. 'ಬುಧವಾರ ಊಟಕ್ಕೆ ತಾನಾಗಿ ಬಂದ' ಎಂದು ಬರೆಯಿರಿ. ಅದರಿಂದ ಅಂಕ ಹಾಕಬಹುದು.

ಆಮೇಲೆ ಒಟ್ಟು ಅಂಕ ಬೇಡ, ಎಂಟು ಅಂಶಗಳ ಅಂಕ ಹೇಳಿ ಎಂದು ಕೇಳಿ. 2005ರಲ್ಲಿ ನ್ಯಾನ್ಸಿ ಆಂಡ್ರಿಯಾಸೆನ್ ಮತ್ತು ಜೊತೆಯವರು, ಕಾಯಿಲೆ ಹತೋಟಿಗೆ ಬಂದಿದೆ ಎಂದು ಯಾವಾಗ ಹೇಳಬಹುದು ಎಂದು ಗೆರೆ ಎಳೆದರು. ಭ್ರಮೆ, ವಿಚಿತ್ರ ಯೋಚನೆ, ಇಲ್ಲದ ದನಿ, ತಾಳ ತಪ್ಪಿದ ಮಾತು, ವಿಚಿತ್ರ ಭಂಗಿ, ಭಾವನೆ ಇಲ್ಲದ ಮುಖ, ಜನರಿಂದ ದೂರ, ತಾನಾಗಿ ಮಾತಾಡದಿರುವುದು. ಈ ಎಂಟೂ 3 ಅಥವಾ ಅದಕ್ಕಿಂತ ಕಡಿಮೆ ಇರಬೇಕು, ಅದೂ ಆರು ತಿಂಗಳು. ಲಕ್ಷಣ ಪೂರ್ತಿ ಹೋಗಲೇಬೇಕು ಎಂದಿಲ್ಲ ನೋಡಿ.

ಸಾಧ್ಯವಾದರೆ ಪ್ರತಿ ಸಲ ಒಬ್ಬರೇ ಅಂಕ ಹಾಕಲಿ ಎಂದು ವಿನಂತಿಸಿ. ಆಗದಿದ್ದರೆ ಬಿಡಿ, ಆದರೆ ಯಾರು ಹಾಕಿದರು ಎಂದು ದಿನಾಂಕದ ಪಕ್ಕ ಬರೆದಿಡಿ.


ಕಿರುಹೊಳೆ
ಜನವರಿ 18, ರಾತ್ರಿ 9.20

ಇಷ್ಟು ದಿನ ಬರೆಯಲು ಆಗಲಿಲ್ಲ, ಕ್ಷಮಿಸಿ. ಕುಯ್ಲು ನಡೆಯುತ್ತಿದೆ.

ಮೊನ್ನೆ ಹೋಗಿ ಬಂದೆವು. ನೋಟ್‌ಬುಕ್ ಕೊಟ್ಟೆ. ಈ ಸಲ ಇದ್ದವರು ಆಗಸ್ಟ್‌ನಲ್ಲಿ ಇದ್ದವರೇ. ಏಳು ದಿನವನ್ನೂ ಓದಿದರು, ನಡುನಡುವೆ ತಮ್ಮನನ್ನು 'ಹೌದಾ?' ಎಂದು ಕೇಳಿದರು. ಎಂಟು ಅಂಶಗಳನ್ನು ಕೇಳಿದಾಗ ಅವರಿಗೇ ಆಶ್ಚರ್ಯ. ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಒಟ್ಟು 71. ಅಪ್ಪ ಬಸ್ಸಿನಲ್ಲೇ 30 ಕಳೆದು, 74ಕ್ಕೆ 41 ಎಂದು ಲೆಕ್ಕ ಮಾಡಿ, ಹತ್ತಿರ ಹತ್ತಿರ ಶೇ 45 ಇಳಿದಿದೆ ಎಂದರು.

ಜನರಿಂದ ದೂರ ಇರುವುದು 5 ಇದ್ದದ್ದು 3. ಅದಕ್ಕೆ ಕಾರಣ ನೋಟ್‌ಬುಕ್‌ನ ಗುರುವಾರದ ಸಾಲು. ಸಂಜೆ ಕುಯ್ದ ಹಣ್ಣು ತೂಕ ಹಾಕುವಾಗ ತಕ್ಕಡಿ ಹತ್ತಿರ ಬಂದು ನಿಂತ. ಒಬ್ಬರ ಚೀಲ ತೂಗಿ, ಹೆಸರು ಕೇಳಿ, ಪುಸ್ತಕದಲ್ಲಿ ಬರೆದ. ಆಮೇಲೆ ಇನ್ನೊಬ್ಬರದ್ದು. ಹನ್ನೊಂದು ಜನರದ್ದು ಬರೆದು ಒಳಗೆ ಹೋದ. ಕೈಬರಹ ಮೊದಲಿನ ಹಾಗೆಯೇ ಇದೆ.

ಇಲ್ಲದ ದನಿಗೆ 2 ಎಂದು ಚೀಟಿಯಲ್ಲಿತ್ತು. ನಮಗೆಲ್ಲ ಖುಷಿಯೋ ಖುಷಿ. ರಾತ್ರಿ ತಮ್ಮನೇ ಚೀಟಿ ಕೇಳಿ ತೆಗೆದುಕೊಂಡ. ತುಂಬ ಹೊತ್ತು ನೋಡಿದ. ಆಮೇಲೆ ಹೇಳಿದ: 'ಇದು ತಪ್ಪು. ದಿನಾ ಬರುತ್ತದೆ. ಮಾತ್ರೆ ಜಾಸ್ತಿ ಮಾಡುತ್ತಾರೆ, ಅಮ್ಮ ಅಳುತ್ತಾಳೆ ಎಂದು ಹೇಳಲಿಲ್ಲ.'

'ದನಿ ಕೇಳಿದವನು' ಅವರೇ, ನಿಮ್ಮ ಬರಹವನ್ನು ಆಗಲೇ ಅವನಿಗೆ ಓದಲು ಕೊಟ್ಟೆ. ಎರಡು ಸಲ ಓದಿದ. ನಿಮ್ಮ 11 ಪ್ರಶ್ನೆ ಯಾವುವು ಎಂದು ಕೇಳಿದ. ನೀವು ಬರೆದಷ್ಟನ್ನು ನೋಟ್‌ಬುಕ್‌ನಲ್ಲಿ ನಕಲು ಮಾಡಿಕೊಂಡು ಒಂದೊಂದರ ಮುಂದೆಯೂ ತಾನೇ ಏನೋ ಬರೆದಿದ್ದಾನೆ. ನಾನು ನೋಡಿಲ್ಲ, ಅವನು ಮುಚ್ಚಿ ಇಟ್ಟುಕೊಂಡಿದ್ದಾನೆ.

ಡಾಕ್ಟರಿಗೆ ಫೋನ್ ಮಾಡಿ ವಿಷಯ ಹೇಳಿದೆ, ಅವನನ್ನು ಕೇಳಿಯೇ. ಮಂಗಳವಾರ ಬನ್ನಿ ಎಂದರು. ನೋಟ್‌ಬುಕ್ ಈ ಸಲ ಅವನೇ ಹಿಡಿದುಕೊಂಡು ಬರುತ್ತಾನಂತೆ.